ಕನ್ನಡದ ಪದಗಳನ್ನು ಕೂಡಿಟ್ಟ ಜರ್ಮನಿಯ ಕಿಟ್ಟೆಲ್



ನಮ್ಮ ಧರ್ಮಕೇಂದ್ರಗಳಲ್ಲಿ ಪ್ರಾರ್ಥನೆಯನ್ನೋ ಗೀತೆಯನ್ನೋ ಕನ್ನಡಕ್ಕೆ ತರುವವರು, ಪ್ರಬೋಧನೆ ಸಿದ್ಧಪಡಿಸುವ ಗುರುಗಳು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಉಪದೇಶಿಗಳು ಒಂದಲ್ಲ ಒಂದು ದಿನ ಕನ್ನಡ ನಿಘಂಟನ್ನು ತೆರೆದೇ ತೆರೆಯುತ್ತಾರೆ. ಆಗ ಹಿರಿಯರ ಬಾಯಲ್ಲಿ ಮೊದಲು ಬರುವ ಹೆಸರು 'ಕಿಟ್ಟೆಲ್ ಕೋಶ'. ಪುಸ್ತಕದ ಹೆಸರು ಗೊತ್ತಿದ್ದಷ್ಟು ಅದನ್ನು ಮಾಡಿದ ವ್ಯಕ್ತಿಯ ಬದುಕು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ವಂ. ಫರ್ಡಿನೆಂಡ್ ಕಿಟ್ಟೆಲ್ ಜರ್ಮನಿಯವರು, ಪ್ರೊಟೆಸ್ಟೆಂಟ್ ಪಂಥದ ಬಾಸೆಲ್ ಮಿಷನ್ನಿನ ಬೋಧಕರು. ಬೋಧಕರಾಗಿ ಅವರಿಗೆ ದೊಡ್ಡ ಯಶಸ್ಸು ಸಿಗಲಿಲ್ಲ. ಅವರನ್ನು ಕಳುಹಿಸಿದ ಸಂಸ್ಥೆಗೂ ಅವರಿಗೂ ಬಹುಕಾಲ ಹೊಂದಾಣಿಕೆಯೂ ಇರಲಿಲ್ಲ. ಆದರೂ ಈ ನಾಡಿನ ಜನರ ಬಾಯಲ್ಲಿದ್ದ, ತಾಳೆಗರಿಗಳಲ್ಲಿದ್ದ ಸುಮಾರು 70,000 ಪದಗಳನ್ನು ಒಂದೆಡೆ ಕೂಡಿಸಿ, ಪ್ರತಿಯೊಂದು ಎಲ್ಲಿ ಸಿಕ್ಕಿತು ಎಂಬುದನ್ನೂ ಬರೆದಿಟ್ಟು ಹೋದರು. ಊರಿನ ದಾಖಲೆಗಳನ್ನು ದಫ್ತರಖಾನೆಯಲ್ಲಿ ಜೋಡಿಸಿಡುವಂತೆ ಅವರು ಒಂದು ಭಾಷೆಯನ್ನೇ ಜೋಡಿಸಿಟ್ಟರು. ಅವರ ಬದುಕು ಮತ್ತು ಕೆಲಸದ ಪರಿಚಯವನ್ನು ಇಲ್ಲಿ ಮಾಡಿಕೊಡುತ್ತಿದ್ದೇವೆ.

ಬಾಲ್ಯ ಮತ್ತು ಶಿಕ್ಷಣ

ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಸಭಾಪಾಲಕರು. ಮನೆಯಲ್ಲಿ ಇವರೇ ಹಿರಿಯ ಮಗ. ಔರಿಚ್ ಪಟ್ಟಣದಲ್ಲಿ ಶಾಲಾ ಶಿಕ್ಷಣ ಪಡೆದರು. ಎಳವೆಯಿಂದಲೇ ಭಾಷೆಗಳ ಮೇಲೆ ಒಲವು. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಯೌವನದಲ್ಲೇ ಕಲಿತರು.

1850ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿದ್ದ ಮಿಷನ್ ಸೆಮಿನರಿಗೆ ಸೇರಿದರು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ದಕ್ಷಿಣ ಜರ್ಮನಿಯ ಕುಟುಂಬಗಳಿಂದ ಹೆಚ್ಚು ಯುವಕರು ಬರುತ್ತಿದ್ದರು. ಮೂರು ವರ್ಷಗಳ ತರಬೇತಿಯ ಬಳಿಕ 1853ರಲ್ಲಿ ಕಿಟ್ಟೆಲ್ ಭಾರತಕ್ಕೆ ಬಂದರು. ಆಗ ಅವರಿಗೆ ವಯಸ್ಸು 21.

ಒಂದು ಸಂಗತಿ ಇಲ್ಲಿ ಗಮನಾರ್ಹ. ಅವರು ಹುಟ್ಟಿದ 1832ರಲ್ಲೇ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ಮುಂದೆ ಆ ನಿಘಂಟು ಸಾಲದು, ಬೇರೊಂದು ಬೇಕು ಎಂಬ ಅಗತ್ಯವೇ ಕಿಟ್ಟೆಲರ ಜೀವನದ ಕೆಲಸವಾಯಿತು.

ಅವರು ಬಂದಾಗ ಮಂಗಳೂರು

ಬಾಸೆಲ್ ಮಿಷನ್ನಿನ ಮೊದಲ ಬೋಧಕರು ಮಂಗಳೂರಿಗೆ ಬಂದದ್ದು 1834ರಲ್ಲಿ. ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆ ಹೀಗೆ ಹಲವು ಕೆಲಸಗಳನ್ನು ಅವರು ಕೈಗೆತ್ತಿಕೊಂಡರು. 'ಮಂಗಳೂರು ಹೆಂಚು' ಎಂದು ನಮ್ಮ ಮಲೆನಾಡಿನ ಮನೆಮನೆಗೂ ಬಂದ ಹೆಂಚಿನ ಮೂಲ ಇಲ್ಲಿದೆ. ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು.

ಈ ಮುದ್ರಣಾಲಯದ ಹಿಂದೆ ಇದ್ದವರು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಅವರು ಹೊರತಂದ 'ಮಂಗಳೂರು ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದಕ್ಕಿಂತಲೂ ದೊಡ್ಡ ಸೇವೆಯೊಂದನ್ನು ಮೋಗ್ಲಿಂಗ್ ಮಾಡಿದರು. ಮಠಗಳಲ್ಲಿ, ಮನೆತನಗಳಲ್ಲಿ ಕಟ್ಟಿಟ್ಟಿದ್ದ ಕನ್ನಡ ಕಾವ್ಯಗಳ ಪ್ರತಿಗಳನ್ನು ಹುಡುಕಿಸಿ, ನಕಲು ಮಾಡಿಸಿ, 1848ರಿಂದ 1853ರ ವರೆಗೆ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಅಚ್ಚು ಹಾಕಿಸಿದರು. ಬಸವಪುರಾಣ, ಚೆನ್ನಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಈ ಮಾಲೆಯಲ್ಲಿ ಬಂದವು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವು ಇದಕ್ಕೆ ಇತ್ತು. ಅನ್ಯಧರ್ಮದ ಗ್ರಂಥಗಳನ್ನು ಕ್ರೈಸ್ತ ಬೋಧಕರು ಏಕೆ ಅಚ್ಚು ಹಾಕಬೇಕು ಎಂಬ ಪ್ರಶ್ನೆ ಆಗಲೂ ಇತ್ತು. ಜನರ ಮನಸ್ಸನ್ನು ತಿಳಿಯದೆ ಅವರೊಡನೆ ಮಾತನಾಡಲಾಗದು, ಜನರು ಹಾಡುವ ಕಾವ್ಯ ತಿಳಿಯದೆ ಅವರ ಮನಸ್ಸು ತಿಳಿಯದು ಎಂಬುದು ಈ ಕೆಲಸದ ಹಿಂದಿದ್ದ ತಿಳುವಳಿಕೆ.

ಈ ಮಾಲೆ ಮುಗಿಯುವ ಹೊತ್ತಿಗೆ ಕಿಟ್ಟೆಲ್ ಬಂದರು. ಮೋಗ್ಲಿಂಗ್ ಅಚ್ಚು ಹಾಕಿಸಿದ ಅದೇ ಕಾವ್ಯಗಳಿಂದ ಕಿಟ್ಟೆಲ್ ಮುಂದೆ ಪದಗಳನ್ನು ಆರಿಸಿದರು. ಒಬ್ಬರು ಗ್ರಂಥಗಳನ್ನು ಉಳಿಸಿದರು, ಇನ್ನೊಬ್ಬರು ಆ ಗ್ರಂಥಗಳಲ್ಲಿದ್ದ ಪದಗಳನ್ನು ಉಳಿಸಿದರು.

ಬೋಧಕರಾಗಿ ಪಟ್ಟ ಪಾಡು

ತರುಣ ಕಿಟ್ಟೆಲರಿಗೆ ತಮ್ಮ ಕೆಲಸದ ಬಗ್ಗೆ ಒಂದು ಖಚಿತ ಕಲ್ಪನೆ ಇತ್ತು. ಭಾರತೀಯರ ನಡುವೆ ಕೆಲಸ ಮಾಡುವವನು ಭಾರತೀಯನಂತೆಯೇ ಬದುಕಬೇಕು. ಸಂತ ಪೌಲರ ಆದರ್ಶ ಅವರ ಕಣ್ಣ ಮುಂದಿತ್ತು. ಬಂಗಲೆ, ಸೇವಕರು, ಯುರೋಪಿನ ರೀತಿಯ ಊಟ ಉಡುಪು ಇವು ಬೋಧಕರನ್ನು ಜನರಿಂದ ದೂರ ಇಡುತ್ತವೆ ಎಂದು ಅವರು ತಿಳಿದಿದ್ದರು. ಧಾರವಾಡದ ಕಡೆಯ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿದರು. ಜನರೊಡನೆ ಕುಳಿತು ಮಾತನಾಡುತ್ತಾ ಕನ್ನಡ ಕಲಿತರು. ತಮ್ಮ ಹಿರಿಯ ಸಹೋದ್ಯೋಗಿಗಳ ಜೀವನ ಕ್ರಮವನ್ನು ಟೀಕಿಸಲೂ ಅವರು ಹಿಂಜರಿಯಲಿಲ್ಲ.

ಇದು ಸಂಸ್ಥೆಯ ಹಿರಿಯರಿಗೆ ಹಿಡಿಸಲಿಲ್ಲ. ಮಿಷನ್ ಸಮಿತಿಯಿಂದ ಆಕ್ಷೇಪಗಳು ಬಂದವು. ಜನರ ನಡುವಿನ ಬೋಧನೆಯಲ್ಲಿ ಅವರಿಗೆ ತಕ್ಕ ಫಲವೂ ಕಾಣಲಿಲ್ಲ. ಕಡೆಗೆ ಪುಸ್ತಕ ಮತ್ತು ಮುದ್ರಣದ ಕೆಲಸ ಅವರ ಪಾಲಿಗೆ ಬಂತು. ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಅವರ ಸೇವೆ ಹಂಚಿಹೋಯಿತು.

ಅವರ ಕುಟುಂಬ ಜೀವನದಲ್ಲೂ ನೋವಿತ್ತು. 1860ರಲ್ಲಿ ಪೌಲಿನ್ ಐಟ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿ ಅವರನ್ನು ಕಿಟ್ಟೆಲ್ ವಿವಾಹವಾದರು.

ಬೋಧಕನಾಗಿ ಸೋತವನು ಎಂದು ಅವರ ಕಾಲದವರು ಭಾವಿಸಿದ್ದಿರಬಹುದು. ಆದರೆ ಹಳ್ಳಿಗಳಲ್ಲಿ ತಿರುಗಿದ ಆ ವರ್ಷಗಳು ವ್ಯರ್ಥವಾಗಲಿಲ್ಲ. ಅಂಗಡಿ, ಹೊಲ, ಕಮ್ಮಾರಸಾಲೆ, ಅಡುಗೆಮನೆಗಳ ಮಾತು ಅವರ ಕಿವಿಗೆ ಬಿದ್ದದ್ದು ಆಗಲೇ. ಕೇವಲ ಪುಸ್ತಕ ಓದಿದ ಪಂಡಿತನಿಗೆ ಆ ಪದಗಳು ದೊರೆಯುತ್ತಿರಲಿಲ್ಲ.

ಕಾವ್ಯ, ವ್ಯಾಕರಣ, ಛಂದಸ್ಸು

ಕಿಟ್ಟೆಲ್ ಮೊದಲು ಬರೆದ ಮುಖ್ಯ ಕೃತಿ 'ಕಥಾಮಾಲೆ'. 1862ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಈ ಪುಸ್ತಕದಲ್ಲಿ ಯೇಸುಕ್ರಿಸ್ತರ ಜೀವನವನ್ನು ಕನ್ನಡದ ಪದ್ಯರೂಪದಲ್ಲಿ ಹೇಳಿದ್ದಾರೆ. ಯುರೋಪಿನ ಕೀರ್ತನೆಗಳ ರಾಗಕ್ಕೆ ಕನ್ನಡದ ಮಾತನ್ನು ಎಳೆದು ಹೊಂದಿಸುವುದೇ ವಾಡಿಕೆಯಾಗಿದ್ದ ಕಾಲ ಅದು. ಕಿಟ್ಟೆಲ್ ಮಾತ್ರ ಈ ನೆಲದ ಛಂದಸ್ಸನ್ನೇ ಹಿಡಿದರು. ಶಾಲೆಯ ಮಕ್ಕಳಿಗಾಗಿ ಹಳೆಯ ಕವಿಗಳಿಂದ ಆಯ್ದ ಕಾವ್ಯಮಾಲೆಯನ್ನೂ ಸಿದ್ಧಪಡಿಸಿದರು.

ಅನಂತರ ಅವರು ಹಳಗನ್ನಡ ಶಾಸ್ತ್ರಗ್ರಂಥಗಳಿಗೆ ಕೈಹಾಕಿದರು. 13ನೇ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ' ಕನ್ನಡದ ಪ್ರಧಾನ ವ್ಯಾಕರಣ ಗ್ರಂಥ. ಇದನ್ನು ಕಿಟ್ಟೆಲ್ ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಹೊರಬಂತು. ಅದರ ಜೊತೆ ಕನ್ನಡ ಸಾಹಿತ್ಯದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ದೀರ್ಘ ಪ್ರಬಂಧವನ್ನೂ ಬರೆದರು. ಕನ್ನಡ ಸಾಹಿತ್ಯಕ್ಕೊಂದು ಚರಿತ್ರೆ ಇದೆ ಎಂದು ಹೊರಗಿನವರಿಗೆ ತೋರಿಸಿದ ಆರಂಭದ ಬರಹಗಳಲ್ಲಿ ಇದೂ ಒಂದು.

ಸಂಸ್ಕೃತ ನಿಘಂಟುಗಳಲ್ಲಿ ದ್ರಾವಿಡ ಮೂಲದ ಪದಗಳೂ ಇವೆ ಎಂಬ ವಾದವನ್ನು ಕಿಟ್ಟೆಲ್ 1872ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಮಂಡಿಸಿದರು. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಪಡೆದದ್ದೇ ಎಲ್ಲ ಎಂದು ನಂಬಿದ್ದವರಿಗೆ ಇದು ಹೊಸ ಮಾತಾಗಿತ್ತು. ಕೊಡು-ಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ ಎಂದು ಪದಗಳನ್ನೇ ಮುಂದಿಟ್ಟು ಅವರು ತೋರಿಸಿದರು.

ನಿಘಂಟಿನ ಕೆಲಸ

ರೀವ್ ಅವರ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದ್ದರು. ಆದರೂ ಹಳಗನ್ನಡ ಕಾವ್ಯ ಓದುವವರಿಗೆ ಅದು ಸಾಲುತ್ತಿರಲಿಲ್ಲ. ಪದ ಎಲ್ಲಿ ಬಳಕೆಯಾಗಿದೆ ಎಂಬ ಆಧಾರವೂ ಅದರಲ್ಲಿ ಇರಲಿಲ್ಲ. ಅಷ್ಟರಲ್ಲಿ ನೆರೆಯ ಭಾಷೆಗಳಲ್ಲಿ ದೊಡ್ಡ ನಿಘಂಟುಗಳು ಬಂದಿದ್ದವು. ತೆಲುಗಿನಲ್ಲಿ ಸಿ. ಪಿ. ಬ್ರೌನ್ 1852ರಲ್ಲಿ, ತಮಿಳಿನಲ್ಲಿ ವಿನ್‌ಸ್ಲೋ 1862ರಲ್ಲಿ, ಮಲಯಾಳದಲ್ಲಿ ಬಾಸೆಲ್ ಮಿಷನ್ನಿನವರೇ ಆದ ಹರ್ಮನ್ ಗುಂಡರ್ಟ್ 1872ರಲ್ಲಿ ನಿಘಂಟು ಹೊರತಂದಿದ್ದರು. ಕನ್ನಡಕ್ಕೆ ಆ ಮಟ್ಟದ ನಿಘಂಟು ಆಗಬೇಕಿತ್ತು.

ಕಿಟ್ಟೆಲ್ ಈ ಕೆಲಸಕ್ಕೆ ಎರಡು ದಶಕಗಳಿಗೂ ಹೆಚ್ಚು ಕಾಲ ಕೊಟ್ಟರು. ಕಾವ್ಯ, ವ್ಯಾಕರಣ, ಹಳೆಯ ಪದಕೋಶಗಳನ್ನು ಓದಿ ಒಂದೊಂದೇ ಪದವನ್ನು ಆರಿಸಿ ಬರೆದುಕೊಳ್ಳುವುದು, ಕನ್ನಡ ಪಂಡಿತರೊಡನೆ ಕುಳಿತು ಅರ್ಥವನ್ನು ಖಚಿತಪಡಿಸಿಕೊಳ್ಳುವುದು, ಬೇರೆ ಬೇರೆ ಸೀಮೆಗಳ ಬಳಕೆಯನ್ನು ಕೇಳಿ ತಿಳಿಯುವುದು, ಆಮೇಲೆ ಅಕಾರಾದಿಯಾಗಿ ಜೋಡಿಸುವುದು ಅವರ ಕ್ರಮ. ಕನ್ನಡದ ಪಂಡಿತರ ನೆರವು ಇಲ್ಲದೆ ಇದು ಆಗುತ್ತಿರಲಿಲ್ಲ. ಮುಖಪುಟದಲ್ಲಿ ಒಬ್ಬರ ಹೆಸರಿದ್ದರೂ ನಿಘಂಟಿನ ಹಿಂದೆ ಅನೇಕರ ದುಡಿಮೆ ಇದೆ ಎಂಬುದನ್ನು ಮರೆಯಬಾರದು.

1877ರಲ್ಲಿ ಆರೋಗ್ಯ ಕೆಟ್ಟು ಅವರು ಜರ್ಮನಿಗೆ ಮರಳಿದರು. ಅಲ್ಲಿಯೂ ಕೆಲಸ ನಿಲ್ಲಿಸಲಿಲ್ಲ. ಆದರೆ ಭಾಷೆ ಮಾತನಾಡುವ ಜನರಿಂದ ದೂರವಿದ್ದು ನಿಘಂಟು ಮುಗಿಸುವುದು ಸಾಧ್ಯವಿಲ್ಲ ಎಂದು ಅವರಿಗೆ ಮನವರಿಕೆಯಾಯಿತು. 1883ರಲ್ಲಿ ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲೇ ಬಿಟ್ಟು, ಐವತ್ತು ದಾಟಿದ ವಯಸ್ಸಿನಲ್ಲಿ, ಒಬ್ಬರೇ ಮತ್ತೆ ಇಲ್ಲಿಗೆ ಬಂದರು. ಒಂಬತ್ತು ವರ್ಷ ಇಲ್ಲಿದ್ದು ಬರೆದರು. ಕಣ್ಣಿನ ದೃಷ್ಟಿ ಕುಂದುತ್ತಾ ಬಂತು. 1892ರಲ್ಲಿ ಮರಳಿ ಜರ್ಮನಿಗೆ ಹೋಗಿ ಟ್ಯೂಬಿಂಗೆನ್ ನಗರದಲ್ಲಿ ನೆಲೆಸಿದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಪ್ರಕಟಣೆಯಾಗಿ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 1,750 ಪುಟಗಳು. ಕನ್ನಡ ಅಕ್ಷರ, ರೋಮನ್ ಅಕ್ಷರ, ಸಂಕೇತಗಳು, ಹಲವು ಭಾಷೆಗಳ ಪದಗಳು ಒಂದೇ ಸಾಲಿನಲ್ಲಿ ಬರುವ ಇಂತಹ ಪುಸ್ತಕವನ್ನು ಒಂದೊಂದೇ ಮೊಳೆಯನ್ನು ಕೈಯಿಂದ ಜೋಡಿಸಿ ಅಚ್ಚು ಮಾಡಿದ ಮುದ್ರಣಾಲಯದ ಕೆಲಸಗಾರರ ತಾಳ್ಮೆಯೂ ಸಣ್ಣದಲ್ಲ.

ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಕಿಟ್ಟೆಲರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಕೊನೆಯ ದೊಡ್ಡ ಕೃತಿ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ, 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಟ್ಯೂಬಿಂಗೆನ್‌ನಲ್ಲಿ ನಿಧನರಾದರು.

ನಿಘಂಟಿನ ವಿಶೇಷ

ಪದ ಮತ್ತು ಅರ್ಥ ಇಷ್ಟನ್ನೇ ಕೊಡುವ ಪಟ್ಟಿಗೂ ಕಿಟ್ಟೆಲರ ನಿಘಂಟಿಗೂ ವ್ಯತ್ಯಾಸವಿದೆ. ಅದರ ಮುಖ್ಯ ಲಕ್ಷಣಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದು, ಆಧಾರ. ಪದ ಎಲ್ಲಿ ಸಿಕ್ಕಿತು ಎಂಬುದನ್ನು ಚಿಕ್ಕ ಸಂಕೇತಗಳಲ್ಲಿ ಸೂಚಿಸಿದ್ದಾರೆ. ಬಸವಪುರಾಣದಲ್ಲಿ ಸಿಕ್ಕಿತೇ, ದಾಸರ ಪದದಲ್ಲಿ ಸಿಕ್ಕಿತೇ, ಶಬ್ದಮಣಿದರ್ಪಣದಲ್ಲಿ ಸಿಕ್ಕಿತೇ, ಮೈಸೂರು ಸೀಮೆಯ ಆಡುಮಾತೇ ಎಂದು ಓದುಗನಿಗೆ ತಿಳಿಯುತ್ತದೆ. ಸಂದೇಹ ಬಂದರೆ ಮೂಲವನ್ನು ತೆರೆದು ನೋಡಬಹುದು. ದಾಖಲೆಗಳನ್ನು ಕಾಯುವವರು ಪ್ರತಿ ಕಾಗದ ಎಲ್ಲಿಂದ ಬಂತು ಎಂದು ಬರೆದಿಡುವಂತಹ ಶಿಸ್ತು ಇದು.

ಎರಡನೆಯದು, ಹೋಲಿಕೆ. ಕನ್ನಡ ಪದದ ಜೊತೆಗೆ ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸೋದರ ಪದಗಳನ್ನು ಕೊಡುತ್ತಾರೆ. ಈ ವಿಧಾನದ ಪ್ರಯೋಜನ ತಿಳಿಯಲು ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಶಿವಮೊಗ್ಗ ನಗರದಲ್ಲೂ ಭದ್ರಾವತಿಯಲ್ಲೂ 'ಹೊಸಮನೆ' ಎಂಬ ಬಡಾವಣೆ ಇದೆ. 'ಹೊಸ' ಎಂಬುದು ಹಳಗನ್ನಡದಲ್ಲಿ 'ಪೊಸ'. ತುಳುವಿನಲ್ಲಿ ಇಂದಿಗೂ 'ಪೊಸ' ಎಂದೇ ಹೇಳುತ್ತಾರೆ. ತಮಿಳಿನಲ್ಲಿ 'ಪುದು'. ಕನ್ನಡದಲ್ಲಿ ಪದದ ಮೊದಲಿನ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಹಾಗೆಯೇ ಪೊಸತು ಹೊಸತಾಯಿತು. 'ಮನೆ'ಗೆ ತಮಿಳಿನಲ್ಲಿ 'ಮನೈ', ಮಲಯಾಳದಲ್ಲಿ 'ಮನ' ಎಂಬ ಪದಗಳಿವೆ. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯಲು ಭದ್ರಾವತಿಗೆ ಬಂದ ತಮಿಳು, ಮಲಯಾಳ ಕುಟುಂಬಗಳೂ ಕರಾವಳಿಯಿಂದ ಘಟ್ಟ ಹತ್ತಿ ಬಂದ ತುಳು ಮಾತನಾಡುವ ಕುಟುಂಬಗಳೂ ಒಂದೇ ಕೇರಿಯಲ್ಲಿ ಇರುವಂತೆ, ಈ ಸೋದರ ಪದಗಳು ನಿಘಂಟಿನ ಒಂದೇ ಪುಟದಲ್ಲಿ ಇರುತ್ತವೆ.

ಮೂರನೆಯದು, ಹಳೆಯ ಅಕ್ಷರಗಳು. ಕನ್ನಡದಲ್ಲಿ ಹಿಂದೆ ಱ ಮತ್ತು ೞ ಎಂಬ ಎರಡು ಅಕ್ಷರಗಳಿದ್ದವು. ಇವು ಬಳಕೆ ತಪ್ಪಿ ರಕಾರ ಮತ್ತು ಳಕಾರಗಳಲ್ಲಿ ಸೇರಿಹೋದವು. ಇಂದು 'ಹಸುವನ್ನು ಕರೆ' ಎಂದರೆ ಕೂಗು ಎಂದೂ ಆಗಬಹುದು, ಹಾಲು ಕರೆ ಎಂದೂ ಆಗಬಹುದು. ಹಳಗನ್ನಡದಲ್ಲಿ ಕೂಗುವುದು 'ಕರೆ', ಹಾಲು ಹಿಂಡುವುದು 'ಕಱೆ'. ಹಾಗೆಯೇ 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಬದುಕು. ಕಿಟ್ಟೆಲ್ ಈ ಎರಡು ಅಕ್ಷರಗಳನ್ನೂ ಬಿಡದೆ ದಾಖಲಿಸಿದ್ದಾರೆ. ಎರಡು ಬೇರೆ ಪದಗಳು ಒಂದೇ ಆಗಿ ಕಾಣುವ ಗೊಂದಲ ಇದರಿಂದ ತಪ್ಪುತ್ತದೆ.

ನಾಲ್ಕನೆಯದು, ಜನಬಳಕೆ. ಗಾದೆಗಳನ್ನು ಹೇರಳವಾಗಿ ಸೇರಿಸಿದ್ದಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಪದದ ಅರ್ಥವನ್ನು ಹತ್ತು ಸಾಲಿನ ವಿವರಣೆಗಿಂತ ಒಂದು ಗಾದೆ ಚೆನ್ನಾಗಿ ತೋರಿಸುತ್ತದೆ. ಗಿಡಮರಗಳ ಹೆಸರಿಗೆ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರನ್ನೂ ಕೊಟ್ಟಿದ್ದಾರೆ. ಕನ್ನಡದ ದೇಶ್ಯ ಪದ, ಸಂಸ್ಕೃತದ ತತ್ಸಮ, ತದ್ಭವ, ಮರಾಠಿ ಹಿಂದೂಸ್ತಾನಿಗಳಿಂದ ಬಂದ ಪದ ಎಂದು ಮೂಲವನ್ನೂ ಗುರುತಿಸಿದ್ದಾರೆ. ಹೊರಗಿನಿಂದ ಬಂದು ಜನರ ಬಾಯಲ್ಲಿ ನೆಲೆಸಿದ ಪದವೂ ಕನ್ನಡದ್ದೇ ಎಂಬ ಉದಾರತೆ ಇಲ್ಲಿ ಕಾಣುತ್ತದೆ.

ಕೊರತೆಗಳು ಮತ್ತು ಮುಂದಿನ ನಿಘಂಟುಗಳು

ಕಿಟ್ಟೆಲ್ ಕೋಶ ಪರಿಪೂರ್ಣವೆಂದು ಹೇಳಲಾಗದು. ಕನ್ನಡದ ಎಷ್ಟೋ ಹಳೆಯ ಗ್ರಂಥಗಳು ಆಗ ಇನ್ನೂ ಅಚ್ಚಾಗಿರಲಿಲ್ಲ. 'ಕವಿರಾಜಮಾರ್ಗ' ಮತ್ತು ಪಂಪನ 'ವಿಕ್ರಮಾರ್ಜುನ ವಿಜಯ' ಪ್ರಕಟವಾದದ್ದು 1898ರಲ್ಲಿ, ನಿಘಂಟು ಬಂದ ನಾಲ್ಕು ವರ್ಷಗಳ ಮೇಲೆ. ಶರಣರ ವಚನಗಳು ಫ. ಗು. ಹಳಕಟ್ಟಿಯವರ ಶ್ರಮದಿಂದ ವ್ಯಾಪಕವಾಗಿ ಅಚ್ಚಿಗೆ ಬಂದದ್ದು 1920ರ ದಶಕದಲ್ಲಿ. ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ 7 ಮತ್ತು 8ನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಪ್ರಕಟಿಸಿದರು. ಕದಂಬ, ಹೊಯ್ಸಳ, ಕೆಳದಿ ಅರಸರ ಕಾಲದ ಕಲ್ಲುಗಳ ಮೇಲಿನ ಪದಗಳು ಹೀಗೆ ಪುಸ್ತಕರೂಪಕ್ಕೆ ಬರುವ ಮೊದಲೇ ನಿಘಂಟಿನ ಕೆಲಸ ಮುಗಿದಿತ್ತು. ಮಲೆನಾಡಿನ ಎಷ್ಟೋ ಆಡುಮಾತುಗಳೂ ಅದರಲ್ಲಿ ಸಿಗುವುದಿಲ್ಲ.

ಅರ್ಥ ವಿವರಣೆ ಇಂಗ್ಲಿಷಿನಲ್ಲಿ ಇರುವುದರಿಂದ ಇಂಗ್ಲಿಷ್ ಬಾರದ ಕನ್ನಡಿಗರಿಗೆ ಅದು ನೇರವಾಗಿ ಒದಗುವುದೂ ಇಲ್ಲ. ಈ ಕೊರತೆಗಳನ್ನು ತುಂಬಲು ನಮ್ಮವರೇ ಮುಂದೆ ಬಂದರು. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಕಿಟ್ಟೆಲ್ ಕೋಶವನ್ನು ಪರಿಷ್ಕರಿಸಿ, ವಿಸ್ತರಿಸಿ, 1968ರಿಂದ 1971ರ ಅವಧಿಯಲ್ಲಿ 4 ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತು ಶಾಸನಗಳನ್ನೂ ಸಾಹಿತ್ಯವನ್ನೂ ಆಧರಿಸಿ ಕನ್ನಡ-ಕನ್ನಡ ನಿಘಂಟನ್ನು ಸಿದ್ಧಪಡಿಸಿತು. ಅದರ ಮೊದಲ ಸಂಪುಟ 1970ರಲ್ಲಿ, ಕೊನೆಯ 8ನೇ ಸಂಪುಟ 1995ರಲ್ಲಿ ಬಂದವು. ಪ್ರೊ. ಜಿ. ವೆಂಕಟಸುಬ್ಬಯ್ಯನವರಂತಹ ವಿದ್ವಾಂಸರು ಈ ಕೆಲಸಕ್ಕೆ ಜೀವನವನ್ನೇ ತೆತ್ತರು. ಒಂದು ಸಂಸ್ಥೆ, ಅನೇಕ ವಿದ್ವಾಂಸರು, ದಶಕಗಳ ಕಾಲ ಸೇರಿ ಮಾಡಿದ ಕೆಲಸವನ್ನು ನೋಡಿದಾಗ, ಕೆಲವೇ ಪಂಡಿತರ ನೆರವಿನಿಂದ ಕಿಟ್ಟೆಲ್ ಮಾಡಿದ್ದು ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಕಥೋಲಿಕರ ಕೊಡುಗೆ

ಕಿಟ್ಟೆಲರನ್ನು ನೆನೆಯುವಾಗ ನಮ್ಮ ಕಥೋಲಿಕ ಗುರುಗಳ ಕೆಲಸವನ್ನೂ ನೆನೆಯುವುದು ಉಚಿತ. 17ನೇ ಶತಮಾನದಲ್ಲಿ ಗೋವೆಯ ಕಡೆ ಸೇವೆ ಸಲ್ಲಿಸಿದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ ಅವರ ನಿಧನದ ನಂತರ 1640ರಲ್ಲಿ ಅಚ್ಚಾಯಿತು. ಅದೇ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಲಿಯೊನಾರ್ದೊ ಚಿನ್ನಾಮಿ ಕನ್ನಡ ಕಲಿತು ಧರ್ಮೋಪದೇಶದ ಬರಹಗಳನ್ನು ಸಿದ್ಧಪಡಿಸಿದರು. 19ನೇ ಶತಮಾನದ ಮಧ್ಯಭಾಗದಲ್ಲಿ ಫ್ರೆಂಚ್ ಮಿಷನ್ನಿನ ಗುರುಗಳು ಬೆಂಗಳೂರಿನಲ್ಲಿ ಕನ್ನಡ-ಲ್ಯಾಟಿನ್ ನಿಘಂಟನ್ನು ಅಚ್ಚು ಹಾಕಿಸಿದರು.

ಕಿಟ್ಟೆಲ್ ಕನ್ನಡ ನಿಘಂಟಿನಲ್ಲಿ ತೊಡಗಿದ್ದ ವರ್ಷಗಳಲ್ಲೇ ಮಂಗಳೂರಿನಲ್ಲಿ ಯೇಸುಸಭೆಯ ವಂ. ಆಂಜೆಲೊ ಮಾಫೆಯಿ ಕೊಂಕಣಿಗಾಗಿ ದುಡಿಯುತ್ತಿದ್ದರು. ಅವರ ಕೊಂಕಣಿ ವ್ಯಾಕರಣ 1882ರಲ್ಲಿ, ಇಂಗ್ಲಿಷ್-ಕೊಂಕಣಿ ಮತ್ತು ಕೊಂಕಣಿ-ಇಂಗ್ಲಿಷ್ ನಿಘಂಟು 1883ರಲ್ಲಿ ಪ್ರಕಟವಾದವು. ಇವನ್ನು ಅಚ್ಚು ಮಾಡಿದ್ದು ಬಾಸೆಲ್ ಮಿಷನ್ ಮುದ್ರಣಾಲಯ! ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ನಡುವೆ ಆಗ ಇದ್ದ ಬಿಗುವನ್ನು ಬಲ್ಲವರಿಗೆ ಇದರ ಮಹತ್ವ ಅರ್ಥವಾಗುತ್ತದೆ. ವೇದಿಕೆಯಲ್ಲಿ ಒಟ್ಟಾಗಿ ನಿಲ್ಲದಿದ್ದವರ ಪುಸ್ತಕಗಳು ಒಂದೇ ಅಚ್ಚಿನ ಮನೆಯಿಂದ ಹೊರಬಂದವು. ಅದೇ ಮುದ್ರಣಾಲಯದಿಂದ ಆಗಸ್ಟ್ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲೂ ಇಂಗ್ಲಿಷ್-ತುಳು ನಿಘಂಟು 1888ರಲ್ಲೂ ಬಂದವು. ಹನ್ನೆರಡು ವರ್ಷಗಳ ಒಳಗೆ ಕೊಂಕಣಿ, ತುಳು, ಕನ್ನಡ ಮೂರಕ್ಕೂ ಮಂಗಳೂರಿನಿಂದ ನಿಘಂಟು ದೊರೆತಂತಾಯಿತು.

ಇಂದಿನ ನೆನಪುಗಳು

ಬೆಂಗಳೂರಿನ ಮೇಯೊ ಹಾಲ್ ಬಳಿ ಕಿಟ್ಟೆಲರ ಪ್ರತಿಮೆ ಇದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬಾಸೆಲ್ ಮಿಷನ್ ಕಾಲದ ಪುಸ್ತಕಗಳು ಮತ್ತು ದಾಖಲೆಗಳು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹಾಲಯದಲ್ಲಿವೆ. ಮಿಷನ್ನಿನ ಮೂಲ ಕಡತಗಳು ಬಾಸೆಲ್ ನಗರದಲ್ಲಿ ಸುರಕ್ಷಿತವಾಗಿವೆ. ನಿಘಂಟು ಹಲವು ಬಾರಿ ಮರುಮುದ್ರಣಗೊಂಡಿದೆ. ಈಗ ಅಂತರ್ಜಾಲದಲ್ಲೂ ಅದರ ಪ್ರತಿ ಉಚಿತವಾಗಿ ಸಿಗುತ್ತದೆ.

ಕಾಲಾನುಕ್ರಮ

1832 – ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಜನನ
1850 – ಬಾಸೆಲ್ ಮಿಷನ್ ಸೆಮಿನರಿಗೆ ಪ್ರವೇಶ
1853 – ಭಾರತಕ್ಕೆ ಆಗಮನ
1862 – 'ಕಥಾಮಾಲೆ' ಪ್ರಕಟಣೆ
1872 – 'ಶಬ್ದಮಣಿದರ್ಪಣ' ಸಂಪಾದನೆ
1875 – 'ಛಂದೋಂಬುಧಿ' ಸಂಪಾದನೆ
1877 – ಅನಾರೋಗ್ಯದಿಂದ ಜರ್ಮನಿಗೆ
1883 – ನಿಘಂಟು ಮುಗಿಸಲು ಮತ್ತೆ ಭಾರತಕ್ಕೆ
1892 – ಜರ್ಮನಿಗೆ ಮರಳಿಕೆ
1894 – ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಣೆ
1896 – ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್
1903 – ಕನ್ನಡ ವ್ಯಾಕರಣ ಪ್ರಕಟಣೆ, ಟ್ಯೂಬಿಂಗೆನ್‌ನಲ್ಲಿ ನಿಧನ

ನಮ್ಮ ಧರ್ಮಕೇಂದ್ರಗಳಿಗೆ ಒಂದು ಮಾತು

ಕಿಟ್ಟೆಲರ ಬದುಕಿನಿಂದ ನಾವು ಕಲಿಯಬೇಕಾದದ್ದು ಏನು? ಮಾತು ಬಾಯಲ್ಲಿ ಇರುವಷ್ಟು ದಿನ ಅದನ್ನು ಬರೆದಿಡುವ ಅಗತ್ಯ ಯಾರಿಗೂ ತೋರುವುದಿಲ್ಲ. ಬಾಯಿಂದ ಹೋದ ಮೇಲೆ ಬರೆಯಲು ಏನೂ ಉಳಿದಿರುವುದಿಲ್ಲ. ಕಿಟ್ಟೆಲ್ ಬರೆದುಕೊಂಡ ಎಷ್ಟೋ ಪದಗಳು ಇಂದು ಯಾರ ಬಾಯಲ್ಲೂ ಇಲ್ಲ, ನಿಘಂಟಿನಲ್ಲಿ ಮಾತ್ರ ಇವೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆಯನ್ನು ನಮ್ಮ ನಮ್ಮ ಭಾಷೆಯಲ್ಲಿ ಅರ್ಪಿಸುವ ಭಾಗ್ಯ ನಮಗೆ ದೊರೆತಿದೆ. ಆ ಭಾಷೆ ಜೀವಂತವಾಗಿ ಇರಬೇಕಾದರೆ ಅದರ ಪದಗಳನ್ನು ಕಾಯಬೇಕು. ಹೊಸಮನೆಯಂತಹ ಬಡಾವಣೆಗಳಲ್ಲಿ ಕನ್ನಡ, ಕೊಂಕಣಿ, ತುಳು, ತಮಿಳು, ಮಲಯಾಳ ಮಾತನಾಡುವ ಕುಟುಂಬಗಳು ಒಂದೇ ಪೀಠದ ಮುಂದೆ ಪ್ರಾರ್ಥಿಸುತ್ತವೆ. ಪ್ರತಿ ಮನೆಯಲ್ಲೂ ಅಜ್ಜಿ ಹೇಳುವ ಪ್ರಾರ್ಥನೆ, ಮದುವೆಯ ಹಿಂದಿನ ದಿನದ ಹಾಡು, ಅಡುಗೆಯ ಹೆಸರು, ತೋಟದ ಕೆಲಸದ ಮಾತು ಇವೆ. ಇಗರ್ಜಿ, ಪಾದ್ರಿ, ಚಾವಿಯಂತಹ ಪೋರ್ಚುಗೀಸ್ ಮೂಲದ ಪದಗಳು ನಮ್ಮ ಇತಿಹಾಸವನ್ನೇ ಹೇಳುತ್ತವೆ. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ ಊರು ಬಿಟ್ಟಮೇಲೆ ಇವನ್ನು ಹೇಳುವವರು ಯಾರು?

ದೊಡ್ಡ ನಿಘಂಟು ಮಾಡುವುದು ಎಲ್ಲರಿಂದ ಆಗದು. ಆದರೆ ಯುವ ಸಂಚಲನದವರು ಒಂದು ನೋಟ್ ಪುಸ್ತಕ ಹಿಡಿದು ವಾರ್ಡಿನ ಹಿರಿಯರ ಬಳಿ ಕುಳಿತುಕೊಳ್ಳಬಹುದು. ಪದ, ಅರ್ಥ, ಹೇಳಿದವರ ಊರು, ಕೇಳಿದ ದಿನಾಂಕ ಈ ನಾಲ್ಕನ್ನು ಬರೆದರೆ ಸಾಕು. ಚರ್ಚಿನ ಜ್ಞಾನಸ್ನಾನ, ವಿವಾಹ, ಮರಣ ದಾಖಲೆಗಳ ಹಳೆಯ ಪುಸ್ತಕಗಳಿಗೆ ಗೆದ್ದಲು ಹಿಡಿಯದಂತೆ, ಮಳೆಗಾಲದ ತೇವ ತಾಗದಂತೆ ನೋಡಿಕೊಳ್ಳುವುದೂ ಇದೇ ಕೆಲಸದ ಭಾಗ. ಅವುಗಳಲ್ಲಿ ನಮ್ಮ ಹಿರಿಯರ ಹೆಸರು, ಮನೆತನ, ಬಂದ ಊರು ಎಲ್ಲವೂ ಇವೆ.

ಕಿಟ್ಟೆಲ್ ತಮ್ಮ ಹುಟ್ಟೂರಿನ ಭಾಷೆಗಾಗಿ ಇದನ್ನು ಮಾಡಲಿಲ್ಲ. ಸಾವಿರಾರು ಮೈಲಿ ದಾಟಿ ಬಂದು, ಕುಟುಂಬವನ್ನು ಬಿಟ್ಟು, ಕಣ್ಣು ಸೋತರೂ ಬಿಡದೆ ನಮ್ಮ ಭಾಷೆಗಾಗಿ ಮಾಡಿದರು. ನಮ್ಮ ಭಾಷೆಗಾಗಿ ನಾವು ವಾರಕ್ಕೆ ಒಂದು ಗಂಟೆಯನ್ನಾದರೂ ಕೊಡೋಣ.